ನಾಯಿ ನಕ್ಷತ್ರವೂ ನನ್ನ ಕಿಟಕಿಯ ಪರದೆಯೂ

ನಾನು ಕಲಬುರಗಿಯವನು. ಇದನ್ನು ನಾನು ಊರಿನ ಹೆಸರಾಗಿ ಹೇಳುವುದಿಲ್ಲ, ಪದವಿಯಾಗಿ ಹೇಳುತ್ತೇನೆ. ಕೆಲವರು ಹೆಸರಿನ ಹಿಂದೆ ಡಾಕ್ಟರೇಟು ಹಚ್ಚಿಕೊಳ್ಳುವಂತೆ, ನಾನು ಬಿಸಿಲಿನ ಮಾತು ಬಂದ ಕೂಡಲೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಣ್ಣು ಅರ್ಧ ಮುಚ್ಚಿ, "ನಾನು ಕಲಬುರಗಿಯವನು" ಎನ್ನುತ್ತೇನೆ. ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ ಈ ಪದವಿಗೆ ಪ್ರತಿಸ್ಪರ್ಧಿಗಳೇ ಇಲ್ಲ. ಇಲ್ಲಿ ಇಪ್ಪತ್ತೈದು ಡಿಗ್ರಿ ದಾಟಿತೆಂದರೆ ರೇಡಿಯೋದವರು ಗಂಭೀರ ದನಿಯಲ್ಲಿ ನೀರು ಕುಡಿಯಿರಿ ಎಂದು ಹೇಳತೊಡಗುತ್ತಾರೆ, ಅಂಗಡಿಗಳಲ್ಲಿ ಫ್ಯಾನು ಖಾಲಿಯಾಗುತ್ತದೆ, ನಮ್ಮ ಪಕ್ಕದ ಮನೆಯ ಡೆಕ್ಲನ್ ಅಂಗಿ ಬಿಚ್ಚಿ ಹುಲ್ಲಿನ ಮೇಲೆ ಮಲಗಿ ಸಂಜೆಯ ಹೊತ್ತಿಗೆ ಬೀಟ್‌ರೂಟಿನ ಬಣ್ಣಕ್ಕೆ ತಿರುಗುತ್ತಾನೆ. ನಾನು ಬೇಲಿಯ ಈಚೆ ನಿಂತು, ಇದೂ ಒಂದು ಬಿಸಿಲೇ ಎಂಬಂತೆ ನಗುತ್ತೇನೆ. ನಗುವಾಗ ನನ್ನ ಬೆನ್ನ ಮೇಲೂ ಬೆವರು ಇಳಿಯುತ್ತಿರುತ್ತದೆ ಎನ್ನುವುದು ಬೇರೆ ಮಾತು. ಇಷ್ಟು ವರ್ಷಗಳಲ್ಲಿ ಮೈ ಐರಿಷ್ ಆಗಿಬಿಟ್ಟಿದೆ, ಬಾಯಿ ಮಾತ್ರ ಕಲಬುರಗಿಯಲ್ಲೇ ಉಳಿದಿದೆ.

ನನ್ನ ಹೆಂಡತಿ ನಸೀಮಾ ಬೆಂಗಳೂರಿನ ಶಿವಾಜಿನಗರದವಳು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ನಾನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವನು. ನಮ್ಮ ಮನೆಯಲ್ಲಿ ಪ್ರೀತಿ ದಖನಿ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ, ಎರಡಕ್ಕೂ ಮಗಳು ಸನಾಳ ಉತ್ತರ ಕಿಲ್ಕೆನ್ನಿಯ ಇಂಗ್ಲಿಷಿನಲ್ಲಿ. ನನ್ನ ಕನ್ನಡ ಇನ್ನೂ ತುಕ್ಕು ಹಿಡಿದಿಲ್ಲವೆಂದರೆ ಅದಕ್ಕೆ ಕಾರಣ ಏನಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಹೋದ ಆಗಸ್ಟಿನ ಒಂದು ಮಧ್ಯಾಹ್ನ ಎದುರು ಮನೆಯ ಬ್ರೀಡಾ ಹೊಸ್ತಿಲ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದವರು, ಒಂಟಿ. ಜೊತೆಗಿರುವುದು ಫಿನ್ ಎಂಬ ಮುದಿ ನಾಯಿ. ಅದು ರಸ್ತೆಯ ನಡುವೆ ನಾಲಗೆ ಚಾಚಿ, ಯಾರೋ ಒಗೆಯಲು ಬಿಸಾಡಿದ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಬ್ರೀಡಾ ಗದ್ದ ಎತ್ತಿ ಅದರ ಕಡೆ ತೋರಿಸಿ, "ಡಾಗ್ ಡೇಸ್ ಶುರುವಾಯ್ತು ನೋಡು, ಸಲೀಂ" ಎಂದರು. ಅವರು ಆಡಿದ್ದು ಇಂಗ್ಲಿಷೇ. ಆದರೆ ಬ್ರೀಡಾ ಏನಂದರೂ ನನ್ನ ಕಿವಿಯೊಳಗೆ ಹೋಗುವಷ್ಟರಲ್ಲಿ ಕನ್ನಡವಾಗಿಬಿಡುತ್ತದೆ.

ಬೇರೆ ಯಾರಾದರೂ ಆಗಿದ್ದರೆ "ಹೌದು, ಸೆಕೆ" ಎಂದು ಮನೆಗೆ ಹೋಗುತ್ತಿದ್ದರು. ನನಗೆ ಒಂದು ಕಾಯಿಲೆಯಿದೆ. ಗೊತ್ತಿರುವ ವಿಷಯವನ್ನು ಗೊತ್ತಿಲ್ಲದವರ ಮುಂದೆ ಹೇಳದೆ ಇದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಕೈಯಲ್ಲಿದ್ದ ಹಾಲಿನ ಡಬ್ಬಿಯನ್ನು ಅವರ ಗೋಡೆಯ ಮೇಲಿಟ್ಟು ಶುರುಮಾಡಿಯೇಬಿಟ್ಟೆ.

ಬೇಸಿಗೆಯ ಕೊನೆಯ ಧಗೆಗೆ ನಾಯಿ ದಿನಗಳು ಎಂದು ಹೆಸರು ಬಂದದ್ದು ಬೀದಿಯ ನಾಯಿಯಿಂದಲ್ಲ, ಆಕಾಶದ ನಾಯಿಯಿಂದ. ಸಿರಿಯಸ್ ಎಂಬ ನಕ್ಷತ್ರ ಇದೆಯಲ್ಲ, ನಮ್ಮವರ ಲುಬ್ಧಕ, ಅರಬರ ಶಿಅರಾ, ರಾತ್ರಿಯ ಆಕಾಶದಲ್ಲಿ ಅದಕ್ಕಿಂತ ಪ್ರಕಾಶವಾದ ನಕ್ಷತ್ರ ಇನ್ನೊಂದಿಲ್ಲ. ಗ್ರೀಕರು ಅದನ್ನು ಬೇಟೆಗಾರನ ಹಿಂದೆ ಓಡುವ ದೊಡ್ಡ ನಾಯಿ ಎಂಬ ನಕ್ಷತ್ರಪುಂಜಕ್ಕೆ ಸೇರಿಸಿದರು. ವರ್ಷದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಅದು ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣೆಯಾಗುತ್ತದೆ. ಆಮೇಲೆ ಒಂದು ಮುಂಜಾನೆ, ಸೂರ್ಯ ಹುಟ್ಟುವ ತುಸು ಮೊದಲು, ಪೂರ್ವದಲ್ಲಿ ಮಿಣುಕ್ಕೆಂದು ಮುಖ ತೋರಿಸಿ ಮತ್ತೆ ಮರೆಯಾಗುತ್ತದೆ. ಈಜಿಪ್ಟಿನವರಿಗೆ ಅದು ನೈಲ್ ನದಿ ಉಕ್ಕಿ ಬರುವ ಸೂಚನೆ, ಹೊಸ ವರ್ಷದ ಸಂಭ್ರಮ. ಗ್ರೀಕರಿಗೂ ರೋಮನ್ನರಿಗೂ ಅದು ಬೇಸಿಗೆಯ ಉರಿ ನೆತ್ತಿಗೇರುವ ಕಾಲ. ಹಗಲಿನಲ್ಲಿ ಸೂರ್ಯನ ಜೊತೆ ಈ ನಾಯಿಯೂ ಸೇರಿಕೊಂಡು ಕಾಯಿಸುತ್ತದೆ, ಅದಕ್ಕೇ ಜ್ವರ, ಅದಕ್ಕೇ ಆಲಸ್ಯ, ಅದಕ್ಕೇ ಹುಚ್ಚು ಎಂದು ಅವರ ನಂಬಿಕೆ. ನಕ್ಷತ್ರವನ್ನು ಸಮಾಧಾನ ಮಾಡಲು ರೋಮನ್ನರು ಕೆಂದು ಬಣ್ಣದ ನಾಯಿಯನ್ನು ಬಲಿ ಕೊಡುತ್ತಿದ್ದರಂತೆ.

ಇಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಬ್ರೀಡಾ ಫಿನ್‌ನ ಕೊರಳಪಟ್ಟಿ ಹಿಡಿದು ತಮ್ಮ ಕಾಲಿನ ಹತ್ತಿರಕ್ಕೆ ಎಳೆದುಕೊಂಡರು. ಫಿನ್ ಕೆಂದು ಬಣ್ಣದ ನಾಯಿ ಎಂಬುದು ನನಗೆ ಆಗಲೇ ಹೊಳೆದದ್ದು. "ಗ್ರ್ಯಾಂಡ್" ಎಂದರು ಬ್ರೀಡಾ. ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಭವ್ಯ ಎಂದಲ್ಲ. ಆರಾಮ ಎಂದೂ ಆಗುತ್ತದೆ, ಪರವಾಗಿಲ್ಲ ಎಂದೂ ಆಗುತ್ತದೆ, ಸಾಕು ಇನ್ನು ಹೊರಡು ಎಂದೂ ಆಗುತ್ತದೆ. ನಾನು ಹಾಲು ತೆಗೆದುಕೊಂಡು ಹೊರಟೆ.

ಬ್ರೀಡಾ ನಿಲ್ಲಿಸಿದ್ದನ್ನು ನಿಮ್ಮ ಮುಂದೆ ಪೂರ್ತಿ ಮಾಡಿಬಿಡುತ್ತೇನೆ, ಹೊಟ್ಟೆಯ ಸಮಸ್ಯೆ ಹೇಳಿದೆನಲ್ಲ. ನಮ್ಮ ಪುರಾಣದವರು ಈ ನಕ್ಷತ್ರದಲ್ಲಿ ನಾಯಿಯನ್ನು ಕಾಣಲಿಲ್ಲ, ಬೇಟೆಗಾರನನ್ನೇ ಕಂಡರು. ಓಡುವ ಮೃಗಕ್ಕೆ ಅವನು ಬಿಟ್ಟ ಬಾಣವೇ ಆಕಾಶದಲ್ಲಿ ಅವನ ಹತ್ತಿರ ಸಾಲಾಗಿ ಕಾಣುವ ಮೂರು ಚುಕ್ಕಿಗಳು. ಬಿಸಿಲಿಗೂ ಅವನಿಗೂ ಅವರು ಗಂಟು ಹಾಕಲಿಲ್ಲ, ಹಾಕುವಂತೆಯೂ ಇರಲಿಲ್ಲ. ಕಲಬುರಗಿಯ ಬಿಸಿಲು ಏಪ್ರಿಲ್ ಮೇ ತಿಂಗಳದ್ದು. ಲುಬ್ಧಕ ಮುಂಜಾನೆ ಮರಳುವಷ್ಟರಲ್ಲಿ ಅಲ್ಲಿ ಮುಂಗಾರಿನ ಮೋಡ ಕವಿದಿರುತ್ತದೆ. ಇನ್ನು ಐರ್ಲೆಂಡ್ ಎಷ್ಟು ಉತ್ತರಕ್ಕಿದೆಯೆಂದರೆ ಆ ನಕ್ಷತ್ರ ಇಲ್ಲಿ ಮುಖ ತೋರಿಸುವುದೇ ಆಗಸ್ಟ್ ಮುಗಿಯುವ ಹೊತ್ತಿಗೆ, ಬೇಸಿಗೆ ಗಂಟುಮೂಟೆ ಕಟ್ಟಿದ ಮೇಲೆ. ಅಂದರೆ ನಾಯಿ ದಿನಗಳೆಂಬ ಈ ಮಾತು ನನ್ನ ಹಳೆಯ ಊರಿಗೂ ಹೊಂದುವುದಿಲ್ಲ, ಹೊಸ ಊರಿಗೂ ಹೊಂದುವುದಿಲ್ಲ. ಎಲ್ಲಿಯದೋ ಆಕಾಶದ ಕೆಳಗೆ ಹುಟ್ಟಿ, ಇನ್ನೆಲ್ಲಿಗೋ ಬಂದು, ತನ್ನ ಅರ್ಥವನ್ನು ಯಾರೂ ಕೇಳದಿದ್ದರೂ ನೆಲೆಸಿಬಿಟ್ಟಿದೆ. ನನಗೆ ಅದರ ಮೇಲೆ ಅಕ್ಕರೆ ಹುಟ್ಟಿದ್ದು ಬಹುಶಃ ಇದಕ್ಕೇ.

ಆ ಅಕ್ಕರೆ ನನ್ನನ್ನು ನಮ್ಮ ಬಡಾವಣೆಯ ಲೈಬ್ರರಿಗೆ ಕರೆದುಕೊಂಡು ಹೋಯಿತು. ನಾಯಿ ದಿನಗಳ ಬಗ್ಗೆ ಒಂದು ಭಾಷಣ ಮಾಡುತ್ತೇನೆ ಎಂದೆ. ಲೈಬ್ರರಿಯ ಹೆಂಗಸು ಒಳ್ಳೆಯವಳು, ಒಂದು ಶನಿವಾರದ ಮಧ್ಯಾಹ್ನ ಮೂರು ಗಂಟೆಗೆ ಸಭಾಂಗಣ ಕೊಟ್ಟಳು. ಅಂದಿನಿಂದ ನನಗೆ ನಿದ್ದೆಯಿಲ್ಲ. ಭಾಷಣದ ಭಯವಲ್ಲ, ಖಾಲಿ ಕುರ್ಚಿಗಳ ಭಯ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ನಸೀಮಾ ಎಲ್ಲರಿಗೂ ಬೇಕಾದವಳು. ಒಬ್ಬರ ಬಿ.ಪಿ. ನೋಡುತ್ತಾಳೆ, ಇನ್ನೊಬ್ಬರ ಮೊಮ್ಮಗುವಿನ ಜ್ವರ ವಿಚಾರಿಸುತ್ತಾಳೆ. ನಾನು ನಸೀಮಾಳ ಗಂಡ, ಆಕಾಶದ ವಿಷಯ ಮಾತಾಡುವವನು, ದೂರದಿಂದ ಕಂಡರೆ ರಸ್ತೆ ದಾಟಬೇಕಾದವನು. ಒಂದೇ ಒಂದು ಸಲ ನಮ್ಮ ಬೀದಿಯವರು ತಾವಾಗಿ ಬಂದು ನನ್ನೆದುರು ಕೂರಬೇಕು ಎಂಬ ಆಸೆ ನನ್ನೊಳಗೆ ಮಗುವಿನ ಹಟದಂತೆ ಕೂತಿತ್ತು. ಮನೆಮನೆಗೂ ಹೋಗಿ ಕರೆದೆ. ಎಲ್ಲರೂ ನಗುತ್ತಾ "ಟ್ರೈ ಮಾಡ್ತೀವಿ" ಎಂದರು. ನಾನು ಖುಷಿಯಿಂದ ಮನೆಗೆ ಬಂದು ಹೇಳಿದೆ.

"ರೀ, ಇಲ್ಲಿನವ್ರು ಟ್ರೈ ಮಾಡ್ತೀವಿ ಅಂದ್ರೆ ಬರಲ್ಲ ಅಂತ. ಇಷ್ಟ್ ವರ್ಷ ಆಯ್ತು, ಇನ್ನೂ ಗೊತ್ತಾಗಿಲ್ವಾ ನಿಮ್ಗೆ?" ಎಂದಳು ನಸೀಮಾ.

"ಡ್ಯಾಡ್, ಇಟ್ಸ್ ಗ್ರ್ಯಾಂಡ್, ಐ ವಿಲ್ ಟ್ರೈ" ಎಂದಳು ಸನಾ.

ಭಾಷಣದ ವಾರ ನಿಜವಾದ ಸೆಕೆ ಬಂತು. ಇಲ್ಲಿನವರು ಸೆಕೆಯಲ್ಲಿ ಮಾಡುವ ಮೊದಲ ಕೆಲಸವೆಂದರೆ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಬಿಸಿಲನ್ನು ನೆಂಟರ ಹಾಗೆ ಒಳಗೆ ಕರೆಯುವುದು. ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಕಲಬುರಗಿಯಲ್ಲಿ ನಮ್ಮ ಅಬ್ಬಾ ಬೇಸಿಗೆಯನ್ನು ಯುದ್ಧದಂತೆ ಎದುರಿಸುತ್ತಿದ್ದರು. ಬಿಸಿಲು ಗೋಡೆ ಮುಟ್ಟುವ ಮೊದಲೇ ಕಿಟಕಿಗಳೆಲ್ಲ ಮುಚ್ಚಬೇಕು, ಬಾಗಿಲಿಗೆ ಒದ್ದೆ ಚಾದರ ಇಳಿಬಿಡಬೇಕು, ಕಲ್ಲಿನ ನೆಲಕ್ಕೆ ನೀರು ಚಿಮುಕಿಸಬೇಕು, ಆಮೇಲೆ ಸಂಜೆಯವರೆಗೆ ಆ ತಂಪು ಕತ್ತಲೆಯಲ್ಲಿ ಎಲ್ಲರೂ ತೆಪ್ಪಗೆ ಬಿದ್ದಿರಬೇಕು. ಯಾರಾದರೂ ಬಾಗಿಲು ಸರಿಸಿದರೆ ಒಳಗಿನಿಂದ ಗುಡುಗು ಬರುತ್ತಿತ್ತು, "ಬಾಗಲಾ ಹಾಕೋ! ಝಳಾ ಒಳಗ ಬರ್ತದ!" ಐರ್ಲೆಂಡಿಗೆ ಬಂದ ಮೇಲೆ ಅದೇ ಗುಡುಗನ್ನು ವರ್ಷಪೂರ್ತಿ ತಲೆಕೆಳಗಾಗಿ ಕೇಳುತ್ತಿದ್ದೇನೆ. ಯಾರ ಮನೆಗೆ ಹೋದರೂ "ಬಾಗಿಲು ಹಾಕು, ಬಿಸಿ ಹೊರಗೆ ಹೋಗುತ್ತೆ" ಎನ್ನುತ್ತಾರೆ.

ಗುರುವಾರ ನಾನು ರಜೆ ಹಾಕಿ ಅಬ್ಬಾ ಹೇಳಿಕೊಟ್ಟ ಯುದ್ಧಕ್ಕೆ ಇಳಿದೆ. ರಸ್ತೆಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮೇಲೆ ಕೆಳಗೆ ಎಲ್ಲ ಪರದೆ ಎಳೆದೆ. ನಡುಮನೆಯ ದೊಡ್ಡ ಕಿಟಕಿಗೆ ಬಿಳಿಯ ಹಾಸಿಗೆ ಬಟ್ಟೆಯನ್ನು ಒದ್ದೆ ಮಾಡಿ ಇಳಿಬಿಟ್ಟೆ. ಮನೆ ತಂಪಾಯಿತು. ನಸೀಮಾ ಬೆಳಗ್ಗೆಯೇ ಡ್ಯೂಟಿಗೆ ಹೋಗಿ ಸಂಜೆ ಬರುವವಳು, ಸನಾ ಗೆಳತಿಯ ಮನೆಯವರ ಜೊತೆ ಸಮುದ್ರ ತೀರಕ್ಕೆ ಹೋಗಿದ್ದಳು. ಆ ಮಬ್ಬುಗತ್ತಲೆಯಲ್ಲಿ ಒಬ್ಬನೇ ಕೂತು, ಸಣ್ಣ ದನಿಯಲ್ಲಿ, ಒಂದೇ ರಾಗದಲ್ಲಿ ಭಾಷಣ ಅಭ್ಯಾಸ ಮಾಡಿದೆ. ಸಂಜೆ ನಸೀಮಾ ಬರುವ ಮೊದಲು ಬಟ್ಟೆ ತೆಗೆದು ಪರದೆ ಸರಿಸಿಟ್ಟೆ. ಶುಕ್ರವಾರವೂ ಅದೇ ಕಾರ್ಯಕ್ರಮ.

ಶುಕ್ರವಾರ ಮಧ್ಯಾಹ್ನ ಪರದೆಯ ಸಂದಿಯಿಂದ ಹೊರಗೆ ಇಣುಕಿದಾಗ ಒಂದು ಅದ್ಭುತ ಕಂಡಿತು. ಎದುರಿಗೆ ಬ್ರೀಡಾ ತಮ್ಮ ಪರದೆ ಎಳೆಯುತ್ತಿದ್ದರು. ಅವರ ಪಕ್ಕದ ಮನೆಯವರದ್ದೂ ಎಳೆದಿತ್ತು. ನೋಡನೋಡುತ್ತಿದ್ದಂತೆ ಅದರಾಚೆಯ ಮನೆಯ ಪರದೆಯೂ ಸರ್ರನೆ ಮುಚ್ಚಿತು. ನನ್ನ ಕಣ್ಣು ತೇವವಾಯಿತು. ಕೊನೆಗೂ ಈ ಜನಕ್ಕೆ ತಿಳಿಯಿತು! ಕಲಬುರಗಿಯ ವಿದ್ಯೆ ಕಿಲ್ಕೆನ್ನಿಯ ಒಂದು ಬೀದಿಯನ್ನು ಗೆದ್ದಿತು! ಭಾಷಣದ ಕೊನೆಗೆ, ಬಿಸಿಲಿನ ವಿಷಯದಲ್ಲಿ ಪೂರ್ವದವರ ತಿಳಿವಳಿಕೆಯ ಬಗ್ಗೆ ನಾಲ್ಕು ಮಾತು ಸೇರಿಸಿಕೊಂಡೆ. ನಾಲ್ಕು ಮಾತೂ ನನ್ನ ಬಗ್ಗೆಯೇ ಇದ್ದವು.

ಸಂಜೆಯಾಗುತ್ತಿದ್ದಂತೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಬ್ರೀಡಾ. ಅಂಥ ಸೆಕೆಯಲ್ಲೂ ಕಪ್ಪು ಉಣ್ಣೆಯ ಕಾರ್ಡಿಗನ್, ಕೈಯಲ್ಲಿ ಫಾಯಿಲ್ ಮುಚ್ಚಿದ ದೊಡ್ಡ ತಟ್ಟೆ. ಹಿಂದೆ ಡೆಕ್ಲನ್, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಬ್ರೀಡಾ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಪಾಪ ಸಲೀಂ, ನಿನಗೆ ಹೀಗಾಗಬಾರದಿತ್ತು" ಎಂದರು. ನಾಳೆ ಯಾರೂ ಭಾಷಣಕ್ಕೆ ಬರುವುದಿಲ್ಲ, ಅದನ್ನು ಮೊದಲೇ ಹೇಳಿ ಸಮಾಧಾನ ಮಾಡಲು ಬಂದಿದ್ದಾರೆ ಎಂದುಕೊಂಡೆ.

"ಪರವಾಗಿಲ್ಲ ಬ್ರೀಡಾ, ನನಗೆ ಗೊತ್ತಿತ್ತು. ಇಂಥಾ ಸೆಕೇಲಿ ಇದೆಲ್ಲ ಸಹಜ" ಎಂದೆ, ಆದಷ್ಟು ಗಂಭೀರವಾಗಿ.

"ಯಾವಾಗ ಇಟ್ಕೊಂಡಿದೀರಾ?" ಎಂದು ಡೆಕ್ಲನ್ ಮೆಲ್ಲಗೆ ಕೇಳಿದ.

"ನಾಳೆ ಮೂರು ಗಂಟೆಗೆ. ಲೈಬ್ರರೀಲಿ."

"ಲೈಬ್ರರೀಲಾ?"

"ಹೌದು, ಅಲ್ಲಿ ತಂಪಾಗಿರುತ್ತೆ. ಸ್ಲೈಡ್‌ಗಳೂ ಇದಾವೆ."

ಬ್ರೀಡಾ ಹಣೆಗೂ ಎದೆಗೂ ಬೆರಳು ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಂಡರು. ಅವರ ಹಿಂದೆ ಇನ್ನಷ್ಟು ಜನ ಬಂದರು. ಒಬ್ಬರ ಕೈಯಲ್ಲಿ ಆಪಲ್ ಟಾರ್ಟು, ಒಬ್ಬರ ಕೈಯಲ್ಲಿ ಹಾಲು. ಎಲ್ಲರೂ ಒಬ್ಬೊಬ್ಬರಾಗಿ ನನ್ನ ಕೈ ಕುಲುಕಿ, ಮಬ್ಬುಗತ್ತಲೆಯ ನಡುಮನೆಯಲ್ಲಿ ಸಾಲಾಗಿ ಕೂತು ನೆಲ ನೋಡತೊಡಗಿದರು. ಇವರು ಎಷ್ಟು ಸಂಕೋಚದ ಜನ ಎಂದುಕೊಂಡು ನಾನು ಚಹಾ ಮಾಡಿದೆ.

ಕೂರಲು ಜಾಗ ಸಾಲದೆ ಕೆಲವರು ಬಾಗಿಲ ಬಳಿ ನಿಂತಿರುವಾಗ ನಸೀಮಾಳ ಕಾರು ಬಂತು. ಅವಳಿಗೆ ಕಂಡದ್ದು ಇಷ್ಟು. ಮುಚ್ಚಿದ ಪರದೆಗಳು, ತಲೆ ತಗ್ಗಿಸಿ ನಿಂತ ಜನ, ಕಪ್ಪು ಬಟ್ಟೆಯಲ್ಲಿ ಎದುರು ಬಂದು ತನ್ನನ್ನು ತಬ್ಬಿಕೊಂಡ ಬ್ರೀಡಾ. ಅವಳು ಬ್ರೀಡಾರನ್ನು ಬಿಡಿಸಿಕೊಂಡು, ಜನರನ್ನು ತಳ್ಳಿಕೊಂಡು ಒಳಗೆ ಓಡಿಬಂದಳು. ನಾನು ಟೀಪಾಟ್ ಹಿಡಿದು ನಿಂತಿದ್ದೆ. ಆ ಗಳಿಗೆಯಲ್ಲಿ ಅವಳ ಮುಖ ಇದ್ದಂತೆ ನಾನು ಎಂದೂ ನೋಡಿರಲಿಲ್ಲ. ನನ್ನ ಅಂಗಿಯ ತೋಳನ್ನು ಹಿಡಿದು ನಿಂತುಬಿಟ್ಟಳು. ಇಷ್ಟು ಪ್ರೀತಿಯನ್ನು ಇವಳು ಎಲ್ಲಿಟ್ಟುಕೊಂಡಿದ್ದಳು ಎಂದು ನಾನು ಕರಗಿಹೋದೆ. ಅಷ್ಟರಲ್ಲಿ ಕನ್ನಡ ಶುರುವಾಯಿತು.

"ಜೀವಾನೇ ಹೋಯ್ತಲ್ರೀ ನಂದು! ಏನ್ ಮಾಡ್ಕೊಂಡಿದೀರಾ ಇಲ್ಲಿ? ಹಗಲೊತ್ತು ಪರದೆ ಎಳ್ದು, ಬಿಳೀ ಬಟ್ಟೆ ಬೇರೆ ಇಳಿಬಿಟ್ಟು! ಮನೇಲಿ ಯಾರೋ ತೀರ್ಕೊಂಡಾಗ ಈ ದೇಶದಲ್ಲಿ ಹಿಂಗೆ ಮಾಡೋದು, ಗೊತ್ತೇನ್ರೀ?"

ನನಗೆ ಗೊತ್ತಿರಲಿಲ್ಲ. ಐದು ನಾಗರಿಕತೆಗಳು ಒಂದು ನಕ್ಷತ್ರವನ್ನು ಏನೆಂದು ಕರೆದವು ಎಂದು ಗೊತ್ತಿತ್ತು, ನನ್ನ ಬೀದಿಯಲ್ಲಿ ಮುಚ್ಚಿದ ಪರದೆಗೆ ಏನರ್ಥ ಎಂದು ಗೊತ್ತಿರಲಿಲ್ಲ. ಸಾವಾದ ಮನೆಯ ಪರದೆ ಎಳೆಯುತ್ತಾರೆ, ಗೌರವಕ್ಕಾಗಿ ನೆರೆಯವರೂ ತಮ್ಮ ಪರದೆ ಎಳೆಯುತ್ತಾರೆ ಎಂದು ಬ್ರೀಡಾ ಆಮೇಲೆ ಬಿಡಿಸಿ ಹೇಳಿದರು. ವರ್ಷಕ್ಕೊಮ್ಮೆ ಬರುವ ಬಿಸಿಲನ್ನು ಬೇಕೆಂದೇ ಹೊರಗಿಡುವ ಮನುಷ್ಯ ಭೂಮಿಯ ಮೇಲೆ ಇರಬಹುದೆಂದು ಆ ಬೀದಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಕಲಬುರಗಿಯ ವಿದ್ಯೆಯ ದಿಗ್ವಿಜಯ ಅಲ್ಲಿಗೆ ಮುಗಿಯಿತು.

ನಸೀಮಾ ಇಂಗ್ಲಿಷಿನಲ್ಲಿ ಎಲ್ಲರಿಗೂ ವಿಷಯ ಹೇಳಿದಳು. ನೆಲ ಬಿರಿದು ನನ್ನನ್ನು ನುಂಗಬಾರದೆ ಎನ್ನಿಸಿತು.

"ಹಾಗಾದ್ರೆ ಸತ್ತೋರು ಯಾರು?" ಎಂದರು ಬ್ರೀಡಾ.

"ಯಾರೂ ಇಲ್ಲ."

"ಎರಡು ದಿನದಿಂದ ಒಳಗೆ ಪ್ರಾರ್ಥನೆ ನಡೀತಿತ್ತಲ್ಲ?"

"ಅದು ನನ್ನ ಭಾಷಣ."

ಮೊದಲು ನಕ್ಕವನು ಡೆಕ್ಲನ್. ಅವನಿಂದ ನಗು ಸೋಫಾಕ್ಕೆ, ಸೋಫಾದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹೊರಗೆ ನಿಂತವರಿಗೆ ಹರಡಿತು. ಬ್ರೀಡಾ ಕಣ್ಣೊರೆಸಿಕೊಳ್ಳುತ್ತಾ ಫಾಯಿಲ್ ತೆಗೆದು, ತಂದದ್ದನ್ನು ವಾಪಸು ಒಯ್ಯುವುದಿಲ್ಲ ಎಂದರು. ತಟ್ಟೆಯ ತುಂಬ ತ್ರಿಕೋನದ ಸ್ಯಾಂಡ್‌ವಿಚ್‌ಗಳು. "ಎಲ್ಲಾ ಮೊಟ್ಟೇದೇ, ನಸೀಮಾ. ಹ್ಯಾಮ್ ಮುಟ್ಟಿಸಿಲ್ಲ. ಚಾಕು ಕೂಡ ಬೇರೆ" ಎಂದು ಮೆಲ್ಲಗೆ ಸೇರಿಸಿದರು. ಇಲ್ಲಿ ಸಾವಿನ ಮನೆಗೆ ಹಂದಿ ಮಾಂಸದ ಹ್ಯಾಮ್ ಸ್ಯಾಂಡ್‌ವಿಚ್ ಒಯ್ಯುವುದೇ ರೂಢಿ. ಇಷ್ಟು ವರ್ಷ ನಾನು ಇವರಿಗೆ ಆಕಾಶದ ಮೂಲೆಮೂಲೆಯನ್ನೂ ತೋರಿಸಿದ್ದೆ. ಇವರು ಸದ್ದಿಲ್ಲದೆ ನಮ್ಮ ಅಡುಗೆಮನೆಯನ್ನು ತಿಳಿದುಕೊಂಡಿದ್ದರು.

ಅಂದು ಸಂಜೆ ಪರದೆ ಏಕೆ ಎಳೆದೆ ಎಂದು ಅವರು ಕೇಳಿದರು, ನಾನು ಅಬ್ಬಾನ ಯುದ್ಧದ ಕಥೆ ಹೇಳಿದೆ, ಬ್ರೀಡಾ ಒದ್ದೆ ಬಟ್ಟೆಯನ್ನು ಮುಟ್ಟಿ ನೋಡಿ "ಗ್ರ್ಯಾಂಡ್" ಎಂದರು. ಮಾರನೆಯ ದಿನ ಲೈಬ್ರರಿಗೆ ಇಡೀ ಬೀದಿ ಬಂತು. ಸಾವಿನ ಮನೆಯಲ್ಲಿ ಒಮ್ಮೆ ಕೈ ಕುಲುಕಿದ ಮೇಲೆ ಅಂತ್ಯಕ್ರಿಯೆಗೆ ಬರದೆ ಇರಲು ಆಗುವುದಿಲ್ಲ ಎಂದು ಡೆಕ್ಲನ್ ಹೇಳಿದ. ಭೂಮಿಯ ಅಚ್ಚು ಬುಗುರಿಯ ಹಾಗೆ ತೂಗಾಡುವುದರಿಂದ ನಕ್ಷತ್ರ ಮರಳುವ ದಿನ ಹೇಗೆ ಸರಿಯುತ್ತಾ ಬಂದಿದೆ ಎಂದು ನಾನು ವಿವರಿಸುವಾಗ ಅವನು ಗೊರಕೆ ಹೊಡೆದ. ಕೊನೆಗೆ ಪ್ರಶ್ನೆ ಕೇಳಿದವರು ಬ್ರೀಡಾ ಒಬ್ಬರೇ. ಇಲ್ಲಿ ನಮ್ಮ ಕಿಲ್ಕೆನ್ನಿಯಲ್ಲಿ ಆ ನಾಯಿ ಯಾವಾಗ ಕಾಣುತ್ತೆ ಎಂದರು. ಆಗಸ್ಟ್ ಮುಗಿಯುವಾಗ, ಆಗ ಸೆಕೆ ಇರುವುದಿಲ್ಲ ಬಿಡಿ ಎಂದೆ, ತಿಳಿದವನ ಧಾಟಿಯಲ್ಲಿ.

ಸೆಪ್ಟೆಂಬರ್ ಬಂತು, ಸನಾ ಶಾಲೆಗೆ ಹೋದಳು. ಒಂದು ಮುಂಜಾನೆ ಹಿತ್ತಲಲ್ಲಿ ಸ್ವೆಟರ್ ಹಾಕಿಕೊಂಡು ನಿಂತು, ಎರಡು ಛಾವಣಿಗಳ ನಡುವೆ ಲುಬ್ಧಕನನ್ನು ಕಂಡೆ. ಕಂಡ ದಿನದಿಂದಲೇ, ನನ್ನ ಭಾಷಣವನ್ನು ಅಣಕಿಸುವಂತೆ, ಸೆಕೆ ಬಂತು. ಐರ್ಲೆಂಡಿನ ಬಿಸಿಲು ಮಕ್ಕಳಿಗೆ ಶಾಲೆ ಶುರುವಾಗುವುದನ್ನೇ ಕಾಯುತ್ತಿರುತ್ತದೆ ಎಂದು ಇಲ್ಲಿನ ಎಲ್ಲ ತಾಯಂದಿರಿಗೂ ಗೊತ್ತು, ಗೊತ್ತಿಲ್ಲದವನು ನಾನೊಬ್ಬನೇ.

ಆ ಸೆಕೆಯ ಒಂದು ಮಧ್ಯಾಹ್ನ ಕೆಲಸದ ನಡುವೆ ತಲೆಯೆತ್ತಿದೆ. ನಮ್ಮ ಪರದೆಗಳು, ನಸೀಮಾಳ ಕಟ್ಟಪ್ಪಣೆಯಂತೆ, ಹಾರು ಹೊಡೆದಿದ್ದವು. ಎದುರಿಗೆ ಬ್ರೀಡಾರ ಪರದೆ ಮುಚ್ಚಿತ್ತು. ಮೇಲೆ ಕೆಳಗೆ ಎಲ್ಲವೂ. ಫಿನ್ ರಸ್ತೆಯ ಮೇಲಿರಲಿಲ್ಲ. ರಾತ್ರಿ ಎಳೆದ ಪರದೆಯನ್ನು ಬೆಳಗ್ಗೆ ತೆರೆಯಲು ಎದ್ದೇ ಇಲ್ಲವೇ ಎಂಬ ಯೋಚನೆ ಬಂತು. ಮೀಟಿಂಗಿನಲ್ಲಿ ಯಾರೋ ಮಾತಾಡುತ್ತಿದ್ದರು, ಬಿಟ್ಟು ಎದ್ದೆ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಸೀಮಾಳದು. ರಸ್ತೆ ದಾಟಿ ಅವರ ಬಾಗಿಲು ತಟ್ಟಿದೆ. ಉತ್ತರವಿಲ್ಲ. ಗುದ್ದಿದೆ, ಹೆಸರು ಹಿಡಿದು ಕೂಗಿದೆ. ಇವರು ಹೋಗಬಾರದು, ನಾನು 'ಹೇಗಿದ್ದೀರಿ' ಎಂದು ಕೇಳಿ ಉತ್ತರಕ್ಕೆ ನಿಂತದ್ದೇ ಇಲ್ಲ, ಅಷ್ಟರೊಳಗೆ ಹೋಗಬಾರದು ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

ಒಳಗೆ ಫಿನ್ ಒಮ್ಮೆ ಬೊಗಳಿತು. ಬಾಗಿಲು ಗೇಣುದ್ದ ತೆರೆಯಿತು. ಮಬ್ಬುಗತ್ತಲೆಯಲ್ಲಿ ಬ್ರೀಡಾ, ನಿದ್ದೆಯಿಂದ ಎದ್ದ ಮುಖ. ಅವರ ಹಿಂದೆ ಕಿಟಕಿಯಲ್ಲಿ ಒದ್ದೆ ಬಟ್ಟೆಯೊಂದು ತೂಗುತ್ತಿತ್ತು. ಅದರ ಕೆಳಗೆ ಫಿನ್ ನಾಲಗೆ ಒಳಗಿಟ್ಟುಕೊಂಡು ಹಾಯಾಗಿ ಮಲಗಿತ್ತು. ತಂಪು ಗಾಳಿ ನನ್ನ ಮುಖಕ್ಕೆ ಬಂದು ಬಡಿಯಿತು.

ಬ್ರೀಡಾ ನನ್ನ ಮುಖ ನೋಡಿದರು, ಚಪ್ಪಲಿ ನೋಡಿದರು, ಅರ್ಥ ಮಾಡಿಕೊಂಡರು. ಅಂಗಿಯ ತೋಳು ಹಿಡಿದು ಎಳೆದುಕೊಂಡರು.

"ಒಳಗೆ ಬಾ, ಸಲೀಂ. ಮೊದಲು ಆ ಬಾಗಿಲು ಹಾಕು, ಝಳ ಒಳಗೆ ಬರುತ್ತೆ."

ನಾನು ಬಾಗಿಲು ಹಾಕಿದೆ. ನಕ್ಷತ್ರದ ಬಗ್ಗೆ ಏನೂ ಹೇಳಲಿಲ್ಲ. ಹೇಗಿದ್ದೀರಿ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಅಲ್ಲೇ ಕೂತೆ.